ಲಿವರ್ ಕಾಯಿಲೆ ಹೇಳುವ ಕಂಪ್ಯೂಟರ್ ಯಾರನ್ನು ನೋಡಿ ಕಲಿತದ್ದು?

ಕಣ್ಣು ಹಳದಿಯಾದರೆ ಕಾಮಾಲೆ ಅಂತ ಮನೆಯವರೇ ಹೇಳಿಬಿಡುತ್ತಾರೆ. ಡಾಕ್ಟರಿಗೆ ಬೇಕಾದದ್ದು ಅದರ ಮುಂದಿನ ಉತ್ತರ. ಪಿತ್ತನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡ ಬಂದಿದೆಯಾ? ಅಥವಾ ವೈರಸ್, ಕುಡಿತ, ಯಾವುದೋ ಮಾತ್ರೆಯಿಂದ ಲಿವರೇ ಹಾಳಾಗುತ್ತಿದೆಯಾ? ಮೊದಲನೆಯದಾದರೆ ಆ ಅಡ್ಡಿಯನ್ನು ತೆಗೆಯಬೇಕು. ಎರಡನೆಯದಾದರೆ ಆಪರೇಷನ್ ಮಾಡುವುದೇ ಅಪಾಯ. ಅಲ್ಟ್ರಾಸೌಂಡ್ ಎಲ್ಲ ಕಡೆ ಬರುವ ಮೊದಲು ಇದನ್ನು ತೀರ್ಮಾನಿಸಲು ಡಾಕ್ಟರ ಅನುಭವ ಮತ್ತು ಒಂದಷ್ಟು ರಕ್ತಪರೀಕ್ಷೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಲಿವರ್ ವಿಷಯದಲ್ಲಿ ಕಂಪ್ಯೂಟರಿನ ನೆರವು ಕೇಳಿದ ಮೊದಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಇದರ ಮೂಲ ಯೋಚನೆ 1959ರದ್ದು. ಅಮೆರಿಕದ ರಾಬರ್ಟ್ ಲೆಡ್ಲಿ ಮತ್ತು ಲೀ ಲಸ್ಟೆಡ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ರೋಗ ಪತ್ತೆ ಮಾಡುವ ಯೋಚನೆಯನ್ನು ಲೆಕ್ಕವಾಗಿ ಬರೆಯಬಹುದು ಎಂಬುದು ಅವರ ವಾದ. ಒಂದು ರೋಗ ಎಷ್ಟು ಜನರಿಗೆ ಬರುತ್ತದೆ, ಬಂದವರಲ್ಲಿ ಈ ಲಕ್ಷಣ ಎಷ್ಟು ಜನರಿಗೆ ಕಾಣುತ್ತದೆ, ಇವೆರಡು ಗೊತ್ತಿದ್ದರೆ ಎದುರಿಗೆ ಕೂತ ರೋಗಿಗೆ ಆ ರೋಗವಿರುವ ಸಾಧ್ಯತೆ ಎಷ್ಟು ಅಂತ ಹೇಳಬಹುದು. ಬೇಯ್ಸ್ ಸೂತ್ರ ಅನ್ನುವುದು ಇದನ್ನೇ.

1972ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ತಂಡ ಇದನ್ನು ಹೊಟ್ಟೆನೋವಿನ 304 ರೋಗಿಗಳ ಮೇಲೆ ಪರೀಕ್ಷಿಸಿತು. ಕಂಪ್ಯೂಟರ್ 91.8% ಸರಿ ಹೇಳಿತು, ಹಿರಿಯ ಡಾಕ್ಟರು 79.6%. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯ ಅನಿಸುವುದು ಅದೇ ವರ್ಷ ಅವರೇ ಮಾಡಿದ ಇನ್ನೊಂದು ಪ್ರಯೋಗ. ನಿಜವಾದ ರೋಗಿಗಳಿಂದ ತೆಗೆದ ಅಂಕಿಗಳ ಬದಲು ಡಾಕ್ಟರುಗಳ ಅಂದಾಜನ್ನು ಕಂಪ್ಯೂಟರಿಗೆ ಕೊಟ್ಟರು. ಅದರ ಉತ್ತರ ಕೆಟ್ಟಿತು. ಸೂತ್ರ ಬದಲಾಗಿರಲಿಲ್ಲ, ಒಳಗೆ ಹಾಕಿದ ಅಂಕಿ ಬದಲಾಗಿತ್ತು. ಮುಂದಿನ 50 ವರ್ಷದ ಕಥೆ ಇಲ್ಲೇ ಇದೆ ಅನ್ನಬಹುದು.

ಕಾಮಾಲೆಯ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಡೆನ್ಮಾರ್ಕಿನವರು. 1980ರ ದಶಕದಲ್ಲಿ ಕೋಪನ್‌ಹೇಗನ್‌ನ ಕೋಮಿಕ್ ತಂಡ 1000ಕ್ಕೂ ಹೆಚ್ಚು ಕಾಮಾಲೆ ರೋಗಿಗಳ ವಿವರ ಕೂಡಿಸಿತು. ಲೆಕ್ಕ ಕಂಪ್ಯೂಟರ್ ಮಾಡಿತು. ಆದರೆ ಡಾಕ್ಟರ ಕೈಗೆ ಬಂದದ್ದು ಜೇಬಿನಲ್ಲಿ ಇಟ್ಟುಕೊಳ್ಳುವ ಒಂದು ಚಾರ್ಟ್. ವಯಸ್ಸು, ಲಕ್ಷಣ, ರಕ್ತದ ರಿಪೋರ್ಟ್, ಒಂದೊಂದಕ್ಕೂ ಇಷ್ಟು ಅಂಕ. ಕೂಡಿದರೆ ಉತ್ತರ. ಅವರು ಅಲ್ಲಿಗೇ ನಿಲ್ಲಲಿಲ್ಲ. ಅದನ್ನು ಸ್ಟಾಕ್‌ಹೋಮ್‌ನ ರೋಗಿಗಳ ಮೇಲೂ ಪರೀಕ್ಷಿಸಿ, ಅಲ್ಲೂ ನಡೆಯುತ್ತದೆ ಅಂತ 1987ರಲ್ಲಿ ತೋರಿಸಿದರು. ಪಕ್ಕದ ದೇಶಕ್ಕೆ ಕೊಡುವ ಮೊದಲು ಪರೀಕ್ಷೆ ಮಾಡಬೇಕು ಅನ್ನುವ ಎಚ್ಚರ ಅವರಿಗಿತ್ತು.

ಅದೇ ಹೊತ್ತಿಗೆ ನೆದರ್ಲೆಂಡ್ಸ್‌ನಲ್ಲಿ ಪೀಟರ್ ಲ್ಯೂಕಸ್ ಮತ್ತು ಜೊತೆಯವರು 'ಹೀಪಾರ್' ಎಂಬ ಎಕ್ಸ್‌ಪರ್ಟ್ ಸಿಸ್ಟಮ್, ಅಂದರೆ ತಜ್ಞರ ತಿಳಿವಳಿಕೆಯನ್ನು ನಿಯಮಗಳಾಗಿ ಬರೆದ ಪ್ರೋಗ್ರಾಂ ಮಾಡಿದರು. ಪೋಲೆಂಡಿನಲ್ಲೂ ಅದೇ ಹೆಸರಿನ ಇನ್ನೊಂದು ಕೆಲಸ ಶುರುವಾಯಿತು, ಅದರಿಂದ 'ಹೀಪಾರ್ 2' ಬಂತು. ಅಗ್ನೆಷ್ಕಾ ಒನಿಷ್ಕೊ, ಮಾರೆಕ್ ದ್ರುಝ್ಝೆಲ್ ಮತ್ತು ಡಾಕ್ಟರ್ ಹಾನ್ನಾ ವಾಸಿಲುಕ್ ಕಟ್ಟಿದ ಇದು ರೋಗ, ಲಕ್ಷಣ, ಪರೀಕ್ಷೆಗಳನ್ನು ಒಂದಕ್ಕೊಂದು ಗೆರೆ ಎಳೆದು ಜೋಡಿಸಿದ ಜಾಲ, ಅದರಲ್ಲಿ 70 ಅಂಶಗಳಿವೆ. ಹಳೆಯ ವ್ಯವಸ್ಥೆಗಳು ಒಬ್ಬ ರೋಗಿಗೆ ಒಂದೇ ರೋಗ ಅಂದುಕೊಳ್ಳುತ್ತಿದ್ದವು. ಲಿವರ್ ಹಾಗಲ್ಲವಲ್ಲ. ಕುಡಿಯುವವರಿಗೆ ಹೆಪಟೈಟಿಸ್ ಬಿ ಕೂಡ ಇರಬಹುದು, ಕೊಬ್ಬು ತುಂಬಿದ ಲಿವರ್ ಸಿರೋಸಿಸ್ಸಿಗೂ ತಿರುಗಿರಬಹುದು. ಹೀಪಾರ್ 2 ಹಲವು ರೋಗಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡಿತು. ಯಾವುದು ಯಾವುದಕ್ಕೆ ಕಾರಣ ಅನ್ನುವ ಗೆರೆಗಳನ್ನು ಹಾಕಲು ಡಾಕ್ಟರುಗಳು ಕೂತರು, ಅಂಕಿಗಳು ವಾರ್ಸಾದ ಆಸ್ಪತ್ರೆಯ ದಾಖಲೆಗಳಿಂದ ಬಂದವು. ಅಂಥ ದಾಖಲೆ ಇದ್ದದ್ದು 699 ರೋಗಿಗಳದ್ದು ಮಾತ್ರ. ಕೆಲವು ರೋಗಗಳಿಗೆ ಬೆರಳೆಣಿಕೆಯ ಉದಾಹರಣೆ. ಎಷ್ಟೋ ಕಡೆ ಕಾಲಂ ಖಾಲಿ. ಆ ಪರೀಕ್ಷೆ ಮಾಡಿಸಲೇ ಇಲ್ಲವಾ, ನಾರ್ಮಲ್ ಇದ್ದದ್ದಕ್ಕೆ ಬರೆಯಲಿಲ್ಲವಾ? ಆಸ್ಪತ್ರೆಯ ಕೇಸ್ ಶೀಟ್ ನೋಡಿದವರಿಗೆ ಈ ತಲೆನೋವು ಗೊತ್ತು. ಕಡಿಮೆ ರೋಗಿಗಳಿಂದ ಹೆಚ್ಚು ಕಲಿಯುವ ಲೆಕ್ಕದ ಉಪಾಯಗಳನ್ನು ಈ ತಂಡ 2001ರಲ್ಲಿ ಪ್ರಕಟಿಸಿತು.

ದಿನನಿತ್ಯದ ಚಿಕಿತ್ಸೆಗೆ ಇಳಿದದ್ದು ಮಾತ್ರ ಇಷ್ಟು ದೊಡ್ಡ ಜಾಲಗಳಲ್ಲ, ಸಣ್ಣ ಸೂತ್ರಗಳು. 2006ರ 'ಫಿಬ್-4' ನೋಡಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡುವ ಸೂತ್ರ ಅದು. ಅದರಲ್ಲಿ ಬರುವ ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರದ ಲೆಕ್ಕದಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 52 ವರ್ಷ, ಎಸ್‌ಜಿಒಟಿ 64, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.6 ಲಕ್ಷ ಅಂದುಕೊಳ್ಳಿ. ಮೇಲೆ 3328, ಕೆಳಗೆ 1120, ಉತ್ತರ 2.97. ಫ್ಯಾಟಿ ಲಿವರ್ ಇದ್ದವರಲ್ಲಿ 2.67 ದಾಟಿದರೆ ಲಿವರ್ ಗಟ್ಟಿಯಾಗಿರುವ ಅನುಮಾನ ಬಲವಾಗುತ್ತದೆ, ತಜ್ಞರನ್ನು ನೋಡಬೇಕು. ಅದೇ ರಿಪೋರ್ಟ್ 30 ವರ್ಷದವರದ್ದಾದರೆ 1.71. ಯಾರನ್ನು ನೋಡಿ ಕಲಿತದ್ದು ಅನ್ನುವ ಪ್ರಶ್ನೆ ಇಲ್ಲೂ ಬರುತ್ತದೆ. ಈ ಸೂತ್ರ ಹುಟ್ಟಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದವರನ್ನು ನೋಡಿ. ಅಲ್ಲಿ ಮೇಲಿನ ಗೆರೆ 3.25 ಇತ್ತು. ಫ್ಯಾಟಿ ಲಿವರ್‌ಗೆ ತಂದಾಗ ಅದನ್ನು ಬದಲಿಸಬೇಕಾಯಿತು. 35ಕ್ಕಿಂತ ಚಿಕ್ಕವರಲ್ಲಿ ಇದನ್ನು ಅಷ್ಟಾಗಿ ನಂಬುವ ಹಾಗೂ ಇಲ್ಲ.

ಸ್ಕಾಟ್ಲೆಂಡಿನ ಡಂಡೀಯಲ್ಲಿ ಇದನ್ನೆಲ್ಲ ಲ್ಯಾಬಿಗೇ ಕೊಟ್ಟರು. ಡಾಕ್ಟರು ಎಲ್‌ಎಫ್‌ಟಿ (ಲಿವರಿನ ರಕ್ತಪರೀಕ್ಷೆ) ಬರೆಯುವಾಗ ರೋಗಿಯ ತೂಕ, ಎತ್ತರ, ಕುಡಿತದ ವಿವರವನ್ನೂ ಸೇರಿಸುತ್ತಾರೆ. ಫಲಿತಾಂಶದಲ್ಲಿ ಏರುಪೇರು ಕಂಡರೆ ಅದೇ ರಕ್ತದಲ್ಲಿ ಮುಂದಿನ ಪರೀಕ್ಷೆಗಳು ತಾವಾಗಿಯೇ ನಡೆಯುತ್ತವೆ. ಯಾವ ರೋಗ ಇರಬಹುದು, ಮುಂದೇನು ಮಾಡಬೇಕು ಅನ್ನುವುದೂ ರಿಪೋರ್ಟಿನಲ್ಲೇ ಬರುತ್ತದೆ. ಇದರಿಂದ ಲಿವರ್ ರೋಗ ಪತ್ತೆ 43% ಜಾಸ್ತಿಯಾಯಿತು ಅಂತ ಅವರ ಅಧ್ಯಯನ ಹೇಳಿತು. ಹೆಚ್ಚು ಬಂದಿರುವ ಒಂದು ಅಂಕಿಗೆ ಗುರುತು ಹಾಕಿ ಸುಮ್ನೆ ಬಿಟ್ಟುಬಿಡುವ ರಿಪೋರ್ಟಿಗಿಂತ ಇದು ಎಷ್ಟೋ ವಾಸಿ.

ಈಗ ನಮ್ಮ ಪಕ್ಕದ ರಾಜ್ಯಕ್ಕೆ ಬರೋಣ. 2012ರಿಂದ ಕ್ಯಾಲಿಫೋರ್ನಿಯಾದ ಯುಸಿಐ ವಿಶ್ವವಿದ್ಯಾಲಯದ ದತ್ತಾಂಶ ಭಂಡಾರದಲ್ಲಿ 'ಇಂಡಿಯನ್ ಲಿವರ್ ಪೇಶೆಂಟ್ ಡೇಟಾಸೆಟ್' ಅಂತ ಒಂದಿದೆ. ಈಶಾನ್ಯ ಆಂಧ್ರದ 583 ಜನರ ದಾಖಲೆ ಅದು. 416 ಜನ ಲಿವರ್ ರೋಗಿಗಳು, 167 ಜನ ಅಲ್ಲದವರು. ವಯಸ್ಸು, ಗಂಡು ಹೆಣ್ಣು, ಬಿಲಿರುಬಿನ್, ಎಸ್‌ಜಿಪಿಟಿ, ಅಲ್ಬುಮಿನ್, ಹೀಗೆ 10 ಅಂಶ. ಕುಡಿತದ ಮಾತಿಲ್ಲ, ತೂಕ ಇಲ್ಲ, ಯಾವ ರೋಗ ಅನ್ನುವುದೂ ಇಲ್ಲ. ರೋಗ ಇದೆ, ಇಲ್ಲ, ಅಷ್ಟೇ. ಪುಕ್ಕಟೆ ಸಿಗುತ್ತದೆ ಅಂತ ಜಗತ್ತಿನ ಎಷ್ಟೋ ಮಷೀನ್ ಲರ್ನಿಂಗ್ ಪ್ರಬಂಧಗಳಿಗೆ ಇದೇ ಆಧಾರ. ಆ 583ರಲ್ಲಿ ಹೆಂಗಸರು 142.

2022ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇಸಬೆಲ್ ಸ್ಟ್ರಾ ಮತ್ತು ಹೊಂಗ್‌ಹಾನ್ ವು ಈ ದತ್ತಾಂಶದಿಂದ ಕಲಿತ ಕಂಪ್ಯೂಟರ್ ಮಾದರಿಗಳ ಫಲಿತಾಂಶವನ್ನು ಗಂಡಸರು, ಹೆಂಗಸರು ಅಂತ ಬೇರೆ ಬೇರೆ ಮಾಡಿ ನೋಡಿದರು. ಗಂಡಸರಲ್ಲಿ 23% ರೋಗಿಗಳು ಲೆಕ್ಕದ ಕಣ್ಣು ತಪ್ಪಿದ್ದರು, ಹೆಂಗಸರಲ್ಲಿ 44%. ಇಬ್ಬರನ್ನೂ ಸೇರಿಸಿ ಕೊಡುವ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ಇದನ್ನು ಸರಿಪಡಿಸಲು ಬರುತ್ತದೆ. ಅಮೆರಿಕದಲ್ಲಿ ಲಿವರ್ ಕಸಿಗೆ ಕಾಯುವವರ ಸರದಿಯನ್ನು 2002ರಿಂದ 'ಮೆಲ್ಡ್' ಅಂಕ ತೀರ್ಮಾನಿಸುತ್ತಿದೆ. ಮೇಯೋ ಕ್ಲಿನಿಕ್‌ನ ಪ್ಯಾಟ್ರಿಕ್ ಕಾಮತ್ ಮತ್ತು ಅವರ ತಂಡ ರೂಪಿಸಿದ ಸೂತ್ರ ಇದು. ಅದರಲ್ಲಿ ಕ್ರಿಯಾಟಿನಿನ್ ಒಂದು ಅಂಶ, ಸ್ನಾಯುಗಳಿಂದ ಬರುವ, ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ವಸ್ತು ಅದು. ಹೆಂಗಸರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕಿಡ್ನಿ ಅಷ್ಟೇ ಕೆಟ್ಟಿದ್ದರೂ ಅವರ ಕ್ರಿಯಾಟಿನಿನ್ ಕಡಿಮೆ ತೋರಿಸುತ್ತದೆ. ಅಂಕ ಇಳಿಯುತ್ತದೆ, ಸರದಿ ಹಿಂದೆ ಹೋಗುತ್ತದೆ. 2023ರ ಜುಲೈಯಲ್ಲಿ ಜಾರಿಗೆ ಬಂದ 'ಮೆಲ್ಡ್ 3.0' ಹೆಂಗಸರಿಗೆ 1.33 ಅಂಕ ಸೇರಿಸಿತು. ಅಷ್ಟಾಗಲು 20 ವರ್ಷ ಬೇಕಾಯಿತು. ನಮ್ಮ ಆಸ್ಪತ್ರೆಗಳು ಲಿವರ್ ರೋಗ ಹೇಳುವ ಸಾಫ್ಟ್‌ವೇರ್ ಕೊಳ್ಳುವಾಗ ಕಂಪನಿಯವರಿಗೆ ಮೊದಲೇ ಕೇಳಬೇಕಾದದ್ದು ಇದು: ಇದು ಕಲಿತ ದಾಖಲೆಗಳಲ್ಲಿ ನಮ್ಮ ಕಡೆಯ ಹೆಂಗಸರು ಎಷ್ಟು ಜನ ಇದ್ದರು, ಅವರಲ್ಲಿ ಎಷ್ಟು ಜನರ ರೋಗ ಇದಕ್ಕೆ ಕಾಣದೆ ಹೋಯಿತು?