ಹೊರಗಿನ ಡೀಸೆಲ್ಲೋ, ಇಲ್ಲಿನ ಪೆಟ್ರೋಲೋ? ಹಳೆಯ ಫೋರ್‌ವ್ಹೀಲ್ ಗಾಡಿ ಕೊಳ್ಳುವ ಮುನ್ನ

ಪ್ರಶ್ನೆ: ನಾನಿರುವುದು ಅಮೆರಿಕದಲ್ಲಿ. ತೊಂಬತ್ತರ ದಶಕದ ಟೊಯೊಟಾ ಲ್ಯಾಂಡ್ ಕ್ರೂಸರ್ ಇಲ್ಲವೇ ಮಿತ್ಸುಬಿಷಿ ಪಜೇರೊ ಕೊಂಡು ಗುಡ್ಡಬೆಟ್ಟ ಸುತ್ತಬೇಕೆಂದಿದ್ದೇನೆ. ಜಪಾನಿನಿಂದ ತರಿಸಿದ ಟರ್ಬೊ ಡೀಸೆಲ್ ಗಾಡಿ ಒಳ್ಳೆಯದೋ, ಇಲ್ಲೇ ಮಾರಾಟವಾದ ಪೆಟ್ರೋಲ್ ಗಾಡಿ ಸಾಕೋ? ಮೈಲೇಜಿನಲ್ಲಿ ಡೀಸೆಲ್ಲೇ ಗೆಲ್ಲುತ್ತದೆ ಅನ್ನುತ್ತಾರಲ್ಲ?

ಉತ್ತರ: ಮೈಲೇಜಿನಲ್ಲಿ ಗೆಲ್ಲುತ್ತದೆ, ನಿಜ. ಆದರೆ ಮೈಲೇಜಿಗೋಸ್ಕರ ಮಾತ್ರ ಡೀಸೆಲ್ ಕೊಳ್ಳಬೇಡಿ. ಯಾಕೆ ಅಂತ ಒಂದು ಲೆಕ್ಕ ಹಾಕಿಬಿಡೋಣ.

1993ರಿಂದ 1997ರವರೆಗೆ ಅಮೆರಿಕದಲ್ಲಿ ಮಾರಾಟವಾದ 80 ಸರಣಿಯ ಲ್ಯಾಂಡ್ ಕ್ರೂಸರ್‌ನಲ್ಲಿರುವುದು ಆರು ಸಿಲಿಂಡರಿನ, 4.5 ಲೀಟರಿನ ಪೆಟ್ರೋಲ್ ಇಂಜಿನ್. ಗ್ಯಾಲನ್‌ಗೆ 13 ಮೈಲಿ ಕೊಟ್ಟರೆ ಪುಣ್ಯ. ಅದೇ ಗಾಡಿಯ 4.2 ಲೀಟರಿನ ಟರ್ಬೊ ಡೀಸೆಲ್ ರೂಪ 20 ಮೈಲಿ ಕೊಡುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. ವರ್ಷಕ್ಕೆ 5,000 ಮೈಲಿ ಓಡಿಸಿದರೆ ಒಂದಕ್ಕೆ 385 ಗ್ಯಾಲನ್, ಇನ್ನೊಂದಕ್ಕೆ 250. ಅಮೆರಿಕದಲ್ಲಿ ಸಾಮಾನ್ಯವಾಗಿ ಡೀಸೆಲ್ಲೇ ತುಟ್ಟಿ. ಲೆಕ್ಕಕ್ಕೆ ಪೆಟ್ರೋಲಿಗೆ 3.25 ಡಾಲರ್, ಡೀಸೆಲ್‌ಗೆ 3.75 ಎಂದಿಟ್ಟುಕೊಂಡರೆ ವರ್ಷಕ್ಕೆ ಉಳಿಯುವುದು ಮುನ್ನೂರು ಡಾಲರ್ ಚಿಲ್ಲರೆ. ಒಳ್ಳೆಯ ಸ್ಥಿತಿಯ ಡೀಸೆಲ್ ಗಾಡಿಗೆ ನೀವು 8,000 ಡಾಲರ್ ಹೆಚ್ಚಿಗೆ ಕೊಟ್ಟಿದ್ದರೆ, ಅದು ಹುಟ್ಟಲು ಇಪ್ಪತ್ತೈದು ವರ್ಷ ಬೇಕು. ಅಷ್ಟರಲ್ಲಿ ಗಾಡಿಗೆ ಐವತ್ತು ದಾಟಿರುತ್ತದೆ.

ಹಾಗಾದರೆ ಜನ ಯಾಕೆ ಅದರ ಹಿಂದೆ ಬಿದ್ದಿದ್ದಾರೆ? ಒಂದು ಕಾರಣ, ಇಲ್ಲಿ ಸಿಗದೇ ಇದ್ದದ್ದು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಸಣ್ಣ ಡೀಸೆಲ್ ಗಾಡಿಗಳು ಅಮೆರಿಕದ ಶೋರೂಮುಗಳಿಂದ ಹೆಚ್ಚುಕಡಿಮೆ ಮಾಯವಾಗಿದ್ದವು. ಪೆಟ್ರೋಲ್ ಅಗ್ಗವಾಗಿತ್ತು, ಹೊಗೆಯ ನಿಯಮಗಳು ಬಿಗಿಯಾಗಿದ್ದವು, ಮೇಲಾಗಿ 1978ರಿಂದ 1985ರವರೆಗೆ ಬಂದ ಓಲ್ಡ್ಸ್‌ಮೊಬಿಲ್ ವಿ8 ಡೀಸೆಲ್ ಇಂಜಿನ್ ಒಂದು ತಲೆಮಾರಿನ ಗ್ರಾಹಕರಿಗೆ ಡೀಸೆಲ್ ಎಂದರೆ ಸಾಕಪ್ಪಾ ಸಾಕು ಎನಿಸಿಬಿಟ್ಟಿತ್ತು. ಹೀಗಾಗಿ ಜಪಾನಿನಲ್ಲಿ 2.8 ಲೀಟರಿನ ಡೀಸೆಲ್ ಹೊತ್ತ ಪಜೇರೊ ಇಲ್ಲಿ ಮೊಂಟೆರೊ ಎಂಬ ಹೆಸರಿನಲ್ಲಿ ವಿ6 ಪೆಟ್ರೋಲ್ ಇಂಜಿನ್‌ನೊಂದಿಗೆ ಬಂತು. ಟೊಯೊಟಾದ ಹೈಲಕ್ಸ್ ಸರ್ಫ್ ಇಲ್ಲಿ 4ರನ್ನರ್ ಆಯಿತು. ಅತ್ತ ಜಪಾನಿನಲ್ಲೂ ಡೀಸೆಲ್‌ಗೆ ಕಷ್ಟಕಾಲ ಬಂತು. 1999ರಲ್ಲಿ ಟೋಕಿಯೊ ಗವರ್ನರ್ ಶಿಂತಾರೊ ಇಶಿಹಾರಾ ಡೀಸೆಲ್ ಮಸಿ ತುಂಬಿದ ಬಾಟಲಿ ಹಿಡಿದು ಪ್ರಚಾರಕ್ಕಿಳಿದರು. 2001ರಲ್ಲಿ ತಿದ್ದುಪಡಿಯಾದ ಕಾನೂನು ದೊಡ್ಡ ನಗರ ಪ್ರದೇಶಗಳಲ್ಲಿ ಹಳೆಯ ಡೀಸೆಲ್ ಕಾರುಗಳನ್ನೂ ಹೊರಗೆ ತಳ್ಳಿತು. ಅಲ್ಲಿ ಬೇಡವಾದ ಗಾಡಿಗಳು ಹಡಗು ಹತ್ತಿದವು.

ಇನ್ನೊಂದು ಕಾರಣ ಎಳೆತ. ಇದು ಬರೀ ಮೋಹವಲ್ಲ, ಅನುಭವಿಸಿದರೆ ಗೊತ್ತಾಗುವ ವ್ಯತ್ಯಾಸ. ಆ 4.5 ಲೀಟರಿನ ಪೆಟ್ರೋಲ್ ಇಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 275 ಪೌಂಡ್-ಅಡಿ, ಆದರೆ ಅದು ಸಿಗುವುದು 3,200 ಆರ್‌ಪಿಎಂನಲ್ಲಿ. ಟರ್ಬೊ ಡೀಸೆಲ್ಲಿನದೂ ಹೆಚ್ಚುಕಡಿಮೆ ಅಷ್ಟೇ, ಆದರೆ 2,000ದ ಆಸುಪಾಸಿನಲ್ಲೇ ಕೈಗೆ ಸಿಗುತ್ತದೆ. ಕಲ್ಲು ಬಂಡೆಗಳ ಏರಿನಲ್ಲಿ, ಲೋ ಗೇರಿನಲ್ಲಿ, ಕಾಲನ್ನು ಆಕ್ಸಿಲರೇಟರಿನಿಂದ ಬಹುತೇಕ ತೆಗೆದರೂ ಗಾಡಿ ತನ್ನ ಪಾಡಿಗೆ ತಾನು ತೆವಳುತ್ತಾ ಹತ್ತುತ್ತದೆ. ಕೊಲರಾಡೊದ 13,000 ಅಡಿಯ ಕಣಿವೆದಾರಿಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಷ್ಟು ಎತ್ತರಕ್ಕೆ ಹೋಗುವ ಹೊತ್ತಿಗೆ ಮೂರನೇ ಒಂದು ಪಾಲಿಗೂ ಹೆಚ್ಚು ಶಕ್ತಿ ಹೋಗಿರುತ್ತದೆ. ಟರ್ಬೊ ಇದ್ದದ್ದು ಅಷ್ಟು ಸೊರಗುವುದಿಲ್ಲ. (ಟರ್ಬೊ ಇಲ್ಲದ ಡೀಸೆಲ್ ಗಾಡಿಯನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಸೈಕಲ್ಲಿನವರೂ ಓವರ್‌ಟೇಕ್ ಮಾಡುತ್ತಾರೆ.) ಇದರ ಜೊತೆಗೆ, 25 ಗ್ಯಾಲನ್‌ನ ಟ್ಯಾಂಕಿನಲ್ಲಿ ಪೆಟ್ರೋಲ್ ಗಾಡಿ 325 ಮೈಲಿ ಹೋದರೆ ಡೀಸೆಲ್ 500 ಹೋಗುತ್ತದೆ. ನೆವಾಡಾ, ಯೂಟಾದ ಒಳನಾಡಿನಲ್ಲಿ ತಿರುಗುವವರಿಗೆ ಆ ಹೆಚ್ಚಿನ 175 ಮೈಲಿ ಎಂದರೆ ಗಾಡಿಯ ಮೇಲೆ ಕ್ಯಾನುಗಳನ್ನು ಕಟ್ಟುವ ತಾಪತ್ರಯ ಇಲ್ಲ ಎಂದರ್ಥ.

ಈಗ ಯಾರೂ ಜಾಹೀರಾತಿನಲ್ಲಿ ಬರೆಯದ ಸಂಗತಿಗಳಿಗೆ ಬರೋಣ.

ಡೀಸೆಲ್ ಎಂದ ಮಾತ್ರಕ್ಕೆ ಇಂಜಿನ್ ಗಟ್ಟಿ ಎಂಬ ನಂಬಿಕೆಯನ್ನು ಮೊದಲು ಬದಿಗಿಡಿ. ಲ್ಯಾಂಡ್ ಕ್ರೂಸರಿನ 1ಎಚ್‌ಡಿ-ಟಿ ಇಂಜಿನ್ (ಮೇಲೆ ಹೇಳಿದ 4.2 ಲೀಟರಿನ ಟರ್ಬೊ ಡೀಸೆಲ್) ಬಹಳ ಒಳ್ಳೆಯದು, ಆದರೆ ಅದರ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗುಗಳು ಸವೆಯುವುದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಆ ಖರ್ಚು ನಿಮ್ಮದೇ ಎಂದುಕೊಳ್ಳಿ. ಜೊತೆಗೆ ಟೈಮಿಂಗ್ ಬೆಲ್ಟನ್ನು ಪ್ರತಿ 1,00,000 ಕಿ.ಮೀ.ಗೆ ಬದಲಿಸಬೇಕು. ಹೈಲಕ್ಸ್ ಸರ್ಫ್‌ನ 3 ಲೀಟರ್ ಡೀಸೆಲ್, ಪಜೇರೊ ಮತ್ತು ಮಿತ್ಸುಬಿಷಿಯದೇ ಡೆಲಿಕಾ ವ್ಯಾನಿನ 2.8 ಲೀಟರ್ ಡೀಸೆಲ್ ಎರಡೂ ಬಿಸಿ ಏರಿದರೆ ಸಿಲಿಂಡರ್ ಹೆಡ್ ಬಿರುಕು ಬಿಡುತ್ತವೆ ಎಂಬ ಹೆಸರು ಹೊತ್ತಿವೆ. ಪೆಟ್ರೋಲ್ ಗಾಡಿಗಳೇನೂ ಸಾಚಾ ಅಲ್ಲ. ಲ್ಯಾಂಡ್ ಕ್ರೂಸರಿನ 4.5 ಲೀಟರಿನಲ್ಲಿ ಆರನೆಯ ಸಿಲಿಂಡರಿನ ಹತ್ತಿರ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹಳೆಯ 4ರನ್ನರಿನ 3 ಲೀಟರ್ ವಿ6ಗೂ ಅದೇ ಕಾಯಿಲೆ. ಮೊಂಟೆರೊದ 3 ಲೀಟರ್ ವಿ6 ವಾಲ್ವ್ ಸೀಲ್ ಸವೆದು ಬೆಳಿಗ್ಗೆ ನೀಲಿ ಹೊಗೆ ಉಗುಳುತ್ತದೆ. ವ್ಯತ್ಯಾಸ ಇರುವುದು ರಿಪೇರಿಯಲ್ಲಿ. ಪೆಟ್ರೋಲ್ ಇಂಜಿನ್ನಿನ ಗ್ಯಾಸ್ಕೆಟ್, ವಾಟರ್ ಪಂಪು, ಸೆನ್ಸರು ಊರಿನ ಪಾರ್ಟ್ಸ್ ಅಂಗಡಿಯಲ್ಲಿ ನಾಳೆಯೇ ಸಿಗುತ್ತವೆ, ಬಿಚ್ಚಿ ಜೋಡಿಸಿದ ಅನುಭವವಿರುವ ಮೆಕ್ಯಾನಿಕ್ ಕೂಡ ಸಿಗುತ್ತಾನೆ. ಡೀಸೆಲ್‌ನದನ್ನು ಜಪಾನಿನಿಂದಲೋ ಆಸ್ಟ್ರೇಲಿಯಾದಿಂದಲೋ ತರಿಸಬೇಕು. ಸ್ಥಳೀಯ ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, ನಯವಾಗಿ ಮುಚ್ಚಿ, ‘ಇದು ನಮ್ಮ ಕೈಲಿ ಆಗೋದಲ್ಲ’ ಅನ್ನುವುದು ಮಾಮೂಲು.

ಸಣ್ಣ ಉದಾಹರಣೆ ಬ್ಯಾಟರಿ. ಜಪಾನಿನ ಡೀಸೆಲ್ ಲ್ಯಾಂಡ್ ಕ್ರೂಸರಿನಲ್ಲಿ ಎರಡು ಬ್ಯಾಟರಿ ಸೇರಿ ಸ್ಟಾರ್ಟರ್‌ಗೆ 24 ವೋಲ್ಟ್ ಕೊಡುತ್ತವೆ, ಉಳಿದೆಲ್ಲ 12 ವೋಲ್ಟ್. ಗೊತ್ತಿಲ್ಲದ ಮೆಕ್ಯಾನಿಕ್ ಅದನ್ನು ಮಾಮೂಲಿ ಜೋಡಿ ಬ್ಯಾಟರಿ ಎಂದು ತಿಳಿದು ವೈರು ಜೋಡಿಸಿದರೆ ಏನಾದೀತು ಎಂದು ಹೇಳಬೇಕಿಲ್ಲ.

ಇಂಧನವೂ ಬೇರೆ. ಅಮೆರಿಕದಲ್ಲಿ 2006ರಿಂದ ಬಂದ ಡೀಸೆಲ್‌ನಲ್ಲಿ ಗಂಧಕ 15 ಪಿಪಿಎಂ (ಹತ್ತು ಲಕ್ಷದಲ್ಲಿ 15 ಪಾಲು) ಮೀರುವಂತಿಲ್ಲ. ಇಂಜಿನ್ನಿಗೆ ಇಂಧನ ಚಿಮ್ಮಿಸುವ ಹಳೆಯ ರೋಟರಿ ಪಂಪುಗಳಿಗೆ ಡೀಸೆಲ್ಲೇ ಎಣ್ಣೆ, ಅದೇ ಅವುಗಳ ಒಳಭಾಗವನ್ನು ಜಾರುವಂತೆ ಇಡುತ್ತದೆ. ಗಂಧಕ ಕಡಿಮೆಯಾದ ಇಂಧನಕ್ಕೆ ಬದಲಾದಾಗ ಹಳೆಯ ಸೀಲುಗಳು ಕುಗ್ಗಿ ಪಂಪು ಸೋರುವುದುಂಟು. ಜಾರಿಕೆ ಹೆಚ್ಚಿಸುವ ಅಡಿಟಿವ್ ಹಾಕುವವರು ಅದಕ್ಕೇ ಹಾಕುತ್ತಾರೆ. ಚಳಿ ರಾಜ್ಯಗಳಲ್ಲಿ ಡೀಸೆಲ್ ಮೇಣಗಟ್ಟುತ್ತದೆ, ಸಿಲಿಂಡರನ್ನು ಮೊದಲೇ ಬಿಸಿ ಮಾಡುವ ಗ್ಲೋ ಪ್ಲಗ್ ಸರಿ ಇಲ್ಲದಿದ್ದರೆ ಬೆಳಿಗ್ಗೆ ಇಂಜಿನ್ ಶುರುವಾಗುವುದೇ ಇಲ್ಲ.

ಬಲಗಡೆ ಸ್ಟಿಯರಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ರೂಢಿಯಾಗುತ್ತದೆ. ಆದರೆ ಜಪಾನಿನ ಹೆಡ್‌ಲೈಟ್ ಬೆಳಕು ಎಡಗಡೆಗೆ ವಾಲಿರುತ್ತದೆ. ಬಲಬದಿಯಲ್ಲಿ ಓಡಾಡುವ ಅಮೆರಿಕದಲ್ಲಿ ಅದು ನೇರವಾಗಿ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಮೊದಲು ಬದಲಿಸಬೇಕಾದದ್ದು ಅದನ್ನು.

ಕಾನೂನು ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚಿನ ಪೆಟ್ರೋಲ್ ಗಾಡಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ (ಹೊಗೆ) ತಪಾಸಣೆಗೆ ಹೋಗಬೇಕು, 1997 ಮತ್ತು ಅದಕ್ಕೂ ಹಿಂದಿನ ಡೀಸೆಲ್‌ಗೆ ಆ ತಪಾಸಣೆಯೇ ಇಲ್ಲ. ಹೆಚ್ಚು ಮಸಿ ಕಾರುವುದಕ್ಕೇ ರಿಯಾಯಿತಿ! ಮೇನ್‌ನಂಥ ರಾಜ್ಯ ಡೆಲಿಕಾ ಮಾಲೀಕರ ನೋಂದಣಿಗೇ ತಕರಾರು ತೆಗೆದದ್ದಿದೆ. ಹಾಗಾಗಿ ಹಣ ಕೊಡುವ ಮೊದಲು ನಿಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಯಿಂದ ಲಿಖಿತ ಉತ್ತರ ಪಡೆಯಿರಿ. ಇಲ್ಲಿನ ಪೆಟ್ರೋಲ್ ಗಾಡಿಗೆ ಜಪಾನಿನ ಡೀಸೆಲ್ ಇಂಜಿನ್ ಕೂರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೈಮುಗಿದು ಬಿಡಿ. ಅಮೆರಿಕದ ಪರಿಸರ ಸಂಸ್ಥೆ ಅದನ್ನು ಹೊಗೆ ನಿಯಂತ್ರಣ ವ್ಯವಸ್ಥೆಗೆ ಕೈಹಾಕಿದ ಹಾಗೆ ಎಂದೇ ನೋಡುತ್ತದೆ.

ನನ್ನ ಸಲಹೆ ಹೀಗೆ. ಇದೊಂದೇ ಗಾಡಿ, ಸೋಮವಾರ ಇದರಲ್ಲೇ ಕೆಲಸಕ್ಕೆ ಹೋಗಬೇಕು ಎಂದಾದರೆ ಪೆಟ್ರೋಲ್ ಕೊಳ್ಳಿ. 4ರನ್ನರ್ ಆದರೂ ಪರವಾಗಿಲ್ಲ ಎಂದರೆ 1996ರ ನಂತರದ 3.4 ಲೀಟರ್ ವಿ6 ಇರುವುದನ್ನು ನೋಡಿ, ಆ ಕಾಲದ ಇಂಜಿನ್‌ಗಳಲ್ಲಿ ತಲೆನೋವು ಕಡಿಮೆ ಇರುವುದು ಅದಕ್ಕೇ. ಉಳಿಸಿದ ಹಣದಲ್ಲಿ ಟೈರು, ಸಸ್ಪೆನ್ಷನ್, ಹಿಂದಿನ ಡಿಫರೆನ್ಷಿಯಲ್ ಲಾಕ್ ಮಾಡಿಸಿದರೆ ಡೀಸೆಲ್ ಹೋಗುವಲ್ಲಿಗೆಲ್ಲ ಇದೂ ಹೋಗುತ್ತದೆ. ಮನೆಯಲ್ಲಿ ಇನ್ನೊಂದು ಕಾರಿದೆ, ಸ್ಪ್ಯಾನರ್ ಹಿಡಿಯಲು ಬೇಸರವಿಲ್ಲ, ದೂರದ ನಿರ್ಜನ ದಾರಿಗಳೇ ಇಷ್ಟ ಎನ್ನುವವರು ಡೀಸೆಲ್‌ಗೆ ಹೋಗಬಹುದು. ಆಗಲೂ ನೀವೇ ಜಪಾನಿನ ಹರಾಜಿನಲ್ಲಿ ಹಿಡಿಯುವುದಕ್ಕಿಂತ, ಈಗಾಗಲೇ ಇಲ್ಲಿಗೆ ಬಂದು ನಿಮ್ಮ ರಾಜ್ಯದಲ್ಲೇ ನೋಂದಣಿಯಾಗಿ ಎರಡು ಚಳಿಗಾಲ ಕಳೆದ ಗಾಡಿ ಕ್ಷೇಮ.

ನೋಡಲು ಹೋದಾಗ ಮಾಲೀಕನಿಗೆ ಮೊದಲೇ ಹೇಳಿ: ನಾನು ಬರುವ ತನಕ ಇಂಜಿನ್ ಶುರು ಮಾಡಬೇಡಿ ಎಂದು. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ತಣ್ಣಗಿನ ಡೀಸೆಲ್ ಇಂಜಿನ್ ತಡಮಾಡದೆ ಹೊತ್ತಿಕೊಂಡರೆ ಅರ್ಧ ಪರೀಕ್ಷೆ ಪಾಸು. ಇಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೆಗೆದು, ತಲೆಕೆಳಗಾಗಿ ಅಲ್ಲೇ ಇಡಿ. ಸುಮ್ಮನೆ ಅಲುಗುತ್ತಾ ಕೂತರೆ ಸರಿ, ಚಿಮ್ಮಿ ಬಿದ್ದರೆ ಪಿಸ್ಟನ್ ರಿಂಗು ಸವೆದು ಗಾಳಿ ಕೆಳಗೆ ನುಗ್ಗುತ್ತಿದೆ. ಬಿಸಿಯಾಗುವ ಮೊದಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದೆಯೇ ನೋಡಿ, ಎದ್ದರೆ ಹೆಡ್ ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಆಮೇಲೆ ಗಾಡಿಯಡಿ ಮಲಗಿ ಚಾಸಿ ನೋಡಿ. ಹಿಮ ಬೀಳುವ ಹೊಕ್ಕೈಡೊ ಕಡೆಯ ಗಾಡಿಗಳು ರಸ್ತೆಗೆ ಚೆಲ್ಲುವ ಉಪ್ಪು ತಿಂದಿರುತ್ತವೆ, ಮೇಲಿನ ಹೊಳಪಿಗೂ ಕೆಳಗಿನ ತುಕ್ಕಿಗೂ ಸಂಬಂಧವೇ ಇರುವುದಿಲ್ಲ. ಗಾಡಿಯ ಸ್ಥಿತಿ ಬರೆದಿರುವ ಜಪಾನಿನ ಹರಾಜಿನ ಹಾಳೆ ಕೇಳಿ ಪಡೆಯಿರಿ. ಅದರಲ್ಲಿ ‘ಆರ್’ ಎಂಬ ಗ್ರೇಡು ಇದ್ದರೆ ಅಪಘಾತವಾಗಿ ರಿಪೇರಿಯಾದ ಗಾಡಿ.

ಕೊನೆಗೆ ಕಾಗದಪತ್ರ. ಅಮೆರಿಕದ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಗಾಡಿಯನ್ನೂ ಇಪ್ಪತ್ತೈದು ವರ್ಷ ತುಂಬಿದ ಮೇಲೆ ತರಬಹುದು. ಆ ವಿನಾಯಿತಿ ಎಣಿಸುವುದು ಮಾಡೆಲ್ ವರ್ಷದಿಂದಲ್ಲ, ಗಾಡಿ ತಯಾರಾದ ತಿಂಗಳಿನಿಂದ. ಪರಿಸರ ಸಂಸ್ಥೆಯ ಹೊಗೆ ನಿಯಮದ ವಿನಾಯಿತಿಗೆ 21 ವರ್ಷ ಸಾಕು, ಆದರೆ ಇಂಜಿನ್ ಮೂಲದ್ದೇ ಇರಬೇಕು. ಆಮದಾಗುವಾಗ ತುಂಬಿದ ಎಚ್‌ಎಸ್-7 (ಸುರಕ್ಷತೆಯದು) ಮತ್ತು 3520-1 (ಹೊಗೆಯದು) ಫಾರಂಗಳ ಪ್ರತಿ ಮಾಲೀಕನ ಬಳಿ ಇರಬೇಕು. 2014ರಲ್ಲಿ ಕೇಂದ್ರ ಅಧಿಕಾರಿಗಳು ಹಲವು ರಾಜ್ಯಗಳಲ್ಲಿ 40 ಲ್ಯಾಂಡ್ ರೋವರ್ ಡಿಫೆಂಡರ್‌ಗಳನ್ನು ಮಾಲೀಕರ ಮನೆಗಳಿಂದಲೇ ವಶಕ್ಕೆ ಪಡೆದರು. ಹೊಸ ಗಾಡಿಗೆ ಹಳೆಯ ಗುರುತಿನ ಸಂಖ್ಯೆ ಅಂಟಿಸಿ ತಂದಿದ್ದಾರೆ ಎಂಬುದು ಆರೋಪವಾಗಿತ್ತು. ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯನ್ನು ಬಟ್ಟೆಯಿಂದ ಒರೆಸಿ, ಕಾಗದದ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ. ತಾಳೆಯಾಗದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬೇಡ.