ಪಕ್ಕದ ಕಾರ್ಖಾನೆಯ ಸಿಎಸ್‌ಆರ್ ಹಣವನ್ನು ನಮ್ಮೂರಿಗೆ ಕೇಳಬಹುದೇ?

ಪ್ರಶ್ನೆ: ನಮ್ಮೂರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ದೊಡ್ಡ ಕಾರ್ಖಾನೆ ಇದೆ. ಲಾಭದಲ್ಲಿ ಶೇಕಡಾ ಎರಡರಷ್ಟನ್ನು ಸುತ್ತಲಿನ ಹಳ್ಳಿಗಳಿಗೆ ಕೊಡಲೇಬೇಕೆಂಬ ಕಾನೂನು ಇದೆಯಂತೆ. ಇಷ್ಟು ವರ್ಷಗಳಲ್ಲಿ ನಮಗೆ ಬಂದಿರುವುದು ಒಂದು ಬಸ್ ತಂಗುದಾಣ, ಶಾಲೆಯ ಮಕ್ಕಳಿಗೆ ಬ್ಯಾಗು, ಅಷ್ಟೆ. ನಮಗೆ ಬೇಕಿರುವುದು ಕೆರೆಯ ಹೂಳೆತ್ತುವುದು ಮತ್ತು ಕುಡಿಯುವ ನೀರಿನ ಘಟಕ. ಹಕ್ಕಿನಿಂದ ಕೇಳಬಹುದೇ? ಯಾರನ್ನು ಕೇಳಬೇಕು?

ಉತ್ತರ: ಬೇರೆ ಬೇರೆ ಜಿಲ್ಲೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಖಂಡಿತ ಕೇಳಬಹುದು. ಆದರೆ ‘ಕೊಡಲೇಬೇಕು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಕಂಪನಿ ಆ ಹಣವನ್ನು ಖರ್ಚು ಮಾಡಲೇಬೇಕು, ಇದು ನಿಜ. ನಿಮ್ಮ ಊರಿಗೇ ಖರ್ಚು ಮಾಡಬೇಕು ಎಂದು ಮಾತ್ರ ಕಾನೂನು ಹೇಳುವುದಿಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯನ್ನು, ಅಂದರೆ ಸಿಎಸ್‌ಆರ್ ಅನ್ನು, ಕಡ್ಡಾಯ ಮಾಡಿದ್ದು 2013ರ ಕಂಪನಿಗಳ ಕಾಯ್ದೆಯ 135ನೇ ಕಲಂ. 2014ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಇದರ ವ್ಯಾಪ್ತಿಗೆ ಬರುತ್ತದೆ. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಮೂರು ವರ್ಷಗಳ ಲಾಭ 80, 100, 120 ಕೋಟಿ ಇದ್ದರೆ ಸರಾಸರಿ 100 ಕೋಟಿ. ಖರ್ಚಾಗಬೇಕಾದದ್ದು 2 ಕೋಟಿ. ಇದು ಇಡೀ ಕಂಪನಿಯ ಲೆಕ್ಕ, ನಿಮ್ಮೂರ ಪಕ್ಕದ ಒಂದು ಕಾರ್ಖಾನೆಯದಲ್ಲ. ಕಾರ್ಖಾನೆಯ ಚಿಮಣಿ ದಿನವೂ ಹೊಗೆ ಬಿಡುತ್ತಿದ್ದರೂ ಕಂಪನಿ ಸತತ ನಷ್ಟದಲ್ಲಿದ್ದರೆ ಈ ಬಾಧ್ಯತೆ ಇರುವುದಿಲ್ಲ.

ಕಂಪನಿ ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಮತ್ತು ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂಬ ಮಾತು ಅದೇ ಕಲಮಿನಲ್ಲಿದೆ. ನಿಮ್ಮ ಕೈಯಲ್ಲಿರುವ ಆಧಾರ ಅದೇ. ಆದರೆ ಈ ಆದ್ಯತೆ ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ‘ನಮ್ಮ ಪಾಲು ಕೊಡಿ’ ಎಂದು ಗೇಟಿನ ಮುಂದೆ ಕೂತರೆ ಕಾನೂನು ನಿಮ್ಮ ಬೆನ್ನಿಗೆ ನಿಲ್ಲುವುದಿಲ್ಲ. ‘ಸ್ಥಳೀಯರಿಗೆ ಆದ್ಯತೆ ಎಂದು ಕಾಯ್ದೆ ಹೇಳುತ್ತದೆ, ಇಗೋ ನಮ್ಮ ಗ್ರಾಮಸಭೆ ಒಪ್ಪಿದ ಯೋಜನೆ’ ಎಂದು ಕಾಗದ ಮುಂದಿಟ್ಟರೆ ಕಂಪನಿ ಅದನ್ನು ಸುಲಭವಾಗಿ ತಳ್ಳಿಹಾಕಲಾರದು.

ಹಣವೇ ಇಲ್ಲ ಎಂಬ ಉತ್ತರಕ್ಕೂ ಬೇಗ ಸುಮ್ಮನಾಗಬೇಡಿ. ದೇಶದ ಕಂಪನಿಗಳೆಲ್ಲ ಸೇರಿ ಸಿಎಸ್‌ಆರ್ ಅಡಿ ಮಾಡಿದ ಖರ್ಚು 2014-15ರಲ್ಲಿ ಸುಮಾರು 10 ಸಾವಿರ ಕೋಟಿ ಇದ್ದದ್ದು 2022-23ರ ಹೊತ್ತಿಗೆ ಸುಮಾರು 30 ಸಾವಿರ ಕೋಟಿ ಮುಟ್ಟಿತು. ಹೆಚ್ಚು ಹಣ ಪಡೆಯುವ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಆದರೆ ಕಚೇರಿ, ಕಾರ್ಖಾನೆಗಳು ಎಲ್ಲಿವೆಯೋ ಹಣ ಆ ಕಡೆಗೇ ಹರಿಯುತ್ತದೆ. ಕೇಂದ್ರ ಸರ್ಕಾರವೇ ಮಹತ್ವಾಕಾಂಕ್ಷೆಯ ಜಿಲ್ಲೆಗಳೆಂದು ಗುರುತಿಸಿದ ರಾಯಚೂರು, ಯಾದಗಿರಿಯಂಥ ಕಡೆಗಳಲ್ಲಿ ಅಗತ್ಯ ಹೆಚ್ಚು, ಕೇಳುವ ದನಿ ಕಡಿಮೆ. ಇದು ನನಗೆ ನೋವಿನ ವಿಷಯ.

ನಿಮ್ಮ ಪಕ್ಕದ ಕಂಪನಿ ಎಷ್ಟು ಖರ್ಚು ಮಾಡಿದೆ, ಎಲ್ಲಿ ಮಾಡಿದೆ ಎಂಬುದು ಗುಟ್ಟಲ್ಲ. ಪ್ರತಿ ವರ್ಷದ ವಾರ್ಷಿಕ ವರದಿಯಲ್ಲಿ ಸಿಎಸ್‌ಆರ್ ಬಗ್ಗೆ ಪ್ರತ್ಯೇಕ ಅನುಬಂಧ ಇರಬೇಕು. ಕಂಪನಿಗೆ ಜಾಲತಾಣವಿದ್ದರೆ ಸಿಎಸ್‌ಆರ್ ನೀತಿಯನ್ನೂ ನಿರ್ದೇಶಕ ಮಂಡಳಿ ಒಪ್ಪಿದ ಯೋಜನೆಗಳನ್ನೂ ಅಲ್ಲಿ ಪ್ರಕಟಿಸಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಕಂಪನಿವಾರು ಲೆಕ್ಕ ಸಿಗುತ್ತದೆ. ಡಿಗ್ರಿ ಓದುತ್ತಿರುವ ಊರಿನ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಒಂದು ಸಂಜೆ ಕೂತರೆ ಇಷ್ಟೂ ಸಿಗುತ್ತದೆ. ಕೂಡಗಿಯ ಎನ್‌ಟಿಪಿಸಿ, ಸಂಡೂರಿನ ದೋಣಿಮಲೈ ಗಣಿ ನಡೆಸುವ ಎನ್‌ಎಂಡಿಸಿ, ಹಟ್ಟಿ ಚಿನ್ನದ ಗಣಿಯಂಥ ಸಾರ್ವಜನಿಕ ವಲಯದ ಕಂಪನಿಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಖಾಸಗಿ ಕಂಪನಿಗೆ ಆ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾರ್ಖಾನೆ ತನ್ನ ತ್ಯಾಜ್ಯ ನೀರನ್ನು ಶುದ್ಧೀಕರಿಸುವುದು, ದೂಳು ತಡೆಯುವುದು, ಭೂಮಿ ಕಳೆದುಕೊಂಡವರಿಗೆ ಪರಿಹಾರ ಕೊಡುವುದು ಸಿಎಸ್‌ಆರ್ ಅಲ್ಲ. ಬೇರೆ ಕಾನೂನಿನಡಿ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಬರೆಯುವಂತೆಯೇ ಇಲ್ಲ. ಶಾಲೆಗೆ ಬೆಂಚು ಕೊಟ್ಟಿದ್ದಾರೆ ಎಂಬ ದಾಕ್ಷಿಣ್ಯಕ್ಕೆ, ಕೊಳವೆಬಾವಿಯ ನೀರು ಕೆಟ್ಟರೂ ಬಾಯಿ ಮುಚ್ಚಿಕೊಂಡಿರುವ ಊರುಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಕೆಟ್ಟರೆ ದೂರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಲಿ, ಬೆಂಚಿನ ಮಾತು ಬೇರೆಯೇ ನಡೆಯಲಿ. ಗಣಿ ಪ್ರದೇಶದವರಾದರೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇರುತ್ತದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಆ ನಿಧಿ ಗಣಿಬಾಧಿತರಿಗೆಂದೇ ಇರುವಂಥದ್ದು. ಸಿಎಸ್‌ಆರ್ ಕೊಟ್ಟಿದ್ದೇವೆ ಎಂದು ಅದನ್ನು ತಪ್ಪಿಸುವಂತಿಲ್ಲ. ಜಾತ್ರೆಗೆ ಪೆಂಡಾಲು, ಕ್ರಿಕೆಟ್ ಪಂದ್ಯಾವಳಿಗೆ ಬ್ಯಾನರು ಇವೂ ಸಿಎಸ್‌ಆರ್ ಆಗುವುದಿಲ್ಲ. ಕೇಳಲು ಹೋಗಿ ಅರ್ಜಿಯ ತೂಕ ಕಳೆದುಕೊಳ್ಳಬೇಡಿ.

ಇನ್ನು ನಿಮ್ಮ ನೀರಿನ ಘಟಕ. ಪಾವಗಡದ ಕಡೆ ಫ್ಲೋರೈಡ್ ಹೆಚ್ಚಿರುವ ಒಂದು ಹಳ್ಳಿಗೆ ಹೋಗಿದ್ದಾಗ ಕಂಪನಿಯೊಂದು ಕಟ್ಟಿಸಿಕೊಟ್ಟ ಶುದ್ಧ ನೀರಿನ ಘಟಕ ಬೀಗ ಹಾಕಿಕೊಂಡು ನಿಂತಿತ್ತು. ಕ್ಯಾನು ಇಡುವ ಕಟ್ಟೆಯ ಮೇಲೆ ಹುಣಸೆಹಣ್ಣು ಹರಡಿ ಒಣಗಿಸಿದ್ದರು. ‘ಎರಡು ವರ್ಷ ಸಿಹಿನೀರು ಕುಡಿದೆವಪ್ಪ, ಆಮೇಲೆ ಮತ್ತೆ ಅದೇ ಸವಳು’ ಎಂದರು ಪಕ್ಕದ ಮನೆಯ ಅಜ್ಜಿ. ನೀರು ಸೋಸುವ ಮೆಂಬ್ರೇನ್ ಹಾಳಾಗಿತ್ತು. ಪಂಚಾಯಿತಿಗೆ ಒಪ್ಪಿಸಿದ್ದೇವೆ ಎನ್ನುವುದು ಕಂಪನಿಯ ಮಾತು, ನಮಗೆ ಹಸ್ತಾಂತರದ ಕಾಗದವೇ ಬಂದಿಲ್ಲ ಎನ್ನುವುದು ಪಂಚಾಯಿತಿಯ ಮಾತು. ಕರೆಂಟ್ ಬಿಲ್ಲು ಬಾಕಿ ಬೆಳೆದು ಲೈನು ಕಡಿದಿದ್ದರು. ಕಟ್ಟಡ, ಯಂತ್ರ, ಕೊಳವೆಬಾವಿ ಎಲ್ಲವೂ ಇದ್ದವು. ಇವನ್ನೆಲ್ಲ ತಮ್ಮದೆಂದು ನೋಡಿಕೊಳ್ಳುವವರು ಇರಲಿಲ್ಲ.

ಅಲ್ಲಿಂದ ಏಳೆಂಟು ಕಿಲೋಮೀಟರ್ ದೂರದ ಇನ್ನೊಂದು ಊರಿನಲ್ಲಿ ಅದೇ ನಮೂನೆಯ ಘಟಕ ನಡೆಯುತ್ತಿತ್ತು. ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳೊಬ್ಬರು ಬೆಳಿಗ್ಗೆ ಆರಕ್ಕೆ ಬೀಗ ತೆಗೆಯುತ್ತಿದ್ದರು. ಮೊಳೆಗೆ ನೇತುಹಾಕಿದ ನೋಟುಬುಕ್ಕಿನಲ್ಲಿ ದಿನಕ್ಕೆ ಎಷ್ಟು ಕ್ಯಾನು, ಎಷ್ಟು ಹಣ, ಯಾವ ದಿನ ಕರೆಂಟಿರಲಿಲ್ಲ ಎಲ್ಲವೂ ಇತ್ತು. ಕೊನೆಯ ಕಾಲಮ್ಮಿನ ತಲೆಯಲ್ಲಿ ‘ಮೆಂಬ್ರೇನ್‌ಗೆ’ ಎಂದು ಬರೆದು, ತಿಂಗಳು ತಿಂಗಳು ತೆಗೆದಿಟ್ಟ ಮೊತ್ತ ನಮೂದಿಸಿದ್ದರು. ನನಗೆ ಆ ನೋಟುಬುಕ್ಕು ಇಡೀ ಘಟಕಕ್ಕಿಂತ ದೊಡ್ಡದಾಗಿ ಕಂಡಿತು.

ನೀವೂ ಲೆಕ್ಕ ಹಾಕಿ. 20 ಲೀಟರ್ ಕ್ಯಾನಿಗೆ 5 ರೂಪಾಯಿಯಂತೆ ದಿನಕ್ಕೆ 80 ಕ್ಯಾನು ಹೋದರೆ 400 ರೂಪಾಯಿ, ತಿಂಗಳಿಗೆ 12 ಸಾವಿರ. ಅದರಲ್ಲಿ ನೋಡಿಕೊಳ್ಳುವವರ ಸಂಬಳ, ಕರೆಂಟು, ಸಣ್ಣಪುಟ್ಟ ರಿಪೇರಿ ಕಳೆದು, ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾದ ಮೆಂಬ್ರೇನಿಗೆ ಎಷ್ಟು ಉಳಿಯುತ್ತದೆ? ದಿನಕ್ಕೆ 30 ಕ್ಯಾನಷ್ಟೇ ಹೋಗುವ ಚಿಕ್ಕ ಊರಾದರೆ ಘಟಕ ತನ್ನ ಕಾಲ ಮೇಲೆ ನಿಲ್ಲುವುದೇ ಕಷ್ಟ. ಅಕ್ಕಪಕ್ಕದ ಎರಡು ಊರು ಸೇರಿ ಕೇಳುವುದು ಒಳ್ಳೆಯದು. ಉಪ್ಪು, ಫ್ಲೋರೈಡ್ ಗಟ್ಟಿಯಾಗಿ ಹೊರಬರುವ ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಅದನ್ನು ಅದೇ ಕೊಳವೆಬಾವಿಯ ಪಕ್ಕ ಇಂಗಿಸಿದರೆ ಮಾಡಿದ್ದೆಲ್ಲ ವ್ಯರ್ಥ.

ಘಟಕದ ಒಡೆತನ ಯಾರದ್ದು ಎಂಬುದಕ್ಕೆ ಈಗ ನಿಯಮವಿದೆ. 2021ರ ಜನವರಿ 22ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಸಿಎಸ್‌ಆರ್ ಹಣದಲ್ಲಿ ಆದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ನೋಂದಾಯಿತ ಸೇವಾ ಸಂಸ್ಥೆಯ ಹೆಸರಿನಲ್ಲಿ, ಇಲ್ಲವೇ ಫಲಾನುಭವಿಗಳ ಸ್ವಸಹಾಯ ಸಂಘದಂಥ ಗುಂಪಿನ ಹೆಸರಿನಲ್ಲಿ, ಇಲ್ಲವೇ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿ ಇರಬೇಕು. ನಿಮ್ಮೂರಿನ ಸಂಘ ಗಟ್ಟಿಯಾಗಿದ್ದರೆ ಸಂಘವೇ ಒಡೆತನ ಕೇಳಲಿ. ಕಂಪನಿಯನ್ನು ಒಂದೇ ವರ್ಷದ ಕಾಮಗಾರಿಗೆ ಒಪ್ಪಿಸಿ ಸುಮ್ಮನಾಗಬೇಡಿ. ಆರಂಭದ ವರ್ಷ ಬಿಟ್ಟು ಮುಂದಿನ ಮೂರು ವರ್ಷಗಳವರೆಗೆ ನಡೆಯುವ ಯೋಜನೆಗೆ ಕಾನೂನಿನಲ್ಲಿ ಅವಕಾಶವಿದೆ. ಕಟ್ಟುವುದರ ಜೊತೆ ನಡೆಸುವುದಕ್ಕೂ ಅಷ್ಟು ಕಾಲ ಕೈಜೋಡಿಸಿ ಎಂದು ಕೇಳಿ.

ಕೇಳುವ ಬಗೆ ಹೀಗೆ. ಮೊದಲು ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಿರ್ಣಯ ಮಾಡಿಸಿ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಅದು ಸೇರಿದ್ದರೆ ಇನ್ನೂ ಒಳ್ಳೆಯದು. ಪಿಡಿಒ ಸಹಿ ಇರುವ ನಿರ್ಣಯದ ಪ್ರತಿ, ಜಾಗ ಸರ್ಕಾರದ್ದೋ ಪಂಚಾಯಿತಿಯದ್ದೋ ಎಂದು ತೋರಿಸುವ ಪಹಣಿ, ನೀರಿನ ಪರೀಕ್ಷಾ ವರದಿ, ಮನೆಗಳ ಸಂಖ್ಯೆ, ಅಂದಾಜು ವೆಚ್ಚ, ಊರಿನ ಕಡೆಯಿಂದ ಏನು ಕೊಡುತ್ತೀರಿ ಎಂಬುದು, ಇಷ್ಟು ಎರಡು ಪುಟದಲ್ಲಿರಲಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಅದು ಕುಡಿಯುವ ನೀರಿನ ಮಾನದಂಡದ ಗರಿಷ್ಠ ಮಿತಿಗಿಂತ ಹೆಚ್ಚು. ಆ ಒಂದು ಅಂಕಿ ಹತ್ತು ಪುಟದ ಅಹವಾಲಿಗಿಂತ ಚೆನ್ನಾಗಿ ಮಾತಾಡುತ್ತದೆ. ಪತ್ರ ಕಾರ್ಖಾನೆಯ ವ್ಯವಸ್ಥಾಪಕರಿಗೂ ಹೋಗಲಿ, ಮುಖ್ಯ ಕಚೇರಿಯ ಸಿಎಸ್‌ಆರ್ ವಿಭಾಗಕ್ಕೂ ಹೋಗಲಿ. ತೀರ್ಮಾನ ಆಗುವುದು ನಿರ್ದೇಶಕ ಮಂಡಳಿಯಲ್ಲಿ. ಹಣವನ್ನು ಊರಿನ ಯಾರೊಬ್ಬರ ಕೈಗೂ ಕೊಡುವುದಿಲ್ಲ. ಕಂಪನಿ ತಾನೇ ಖರ್ಚು ಮಾಡುತ್ತದೆ, ಇಲ್ಲವೇ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯಡಿ ನೋಂದಾಯಿಸಿಕೊಂಡ ಸಂಸ್ಥೆಯ ಮೂಲಕ ಮಾಡಿಸುತ್ತದೆ. ನಾನೇ ಮಂಜೂರು ಮಾಡಿಸುತ್ತೇನೆ, ಸ್ವಲ್ಪ ಖರ್ಚಾಗುತ್ತದೆ ಎಂದು ಯಾರಾದರೂ ಬಂದರೆ ಅವರನ್ನು ಬಾಗಿಲಲ್ಲೇ ಕಳಿಸಿ.

ಇನ್ನು ಹೊತ್ತಿನ ಮಾತು. ಕಂಪನಿಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ವರ್ಷದ ಕ್ರಿಯಾ ಯೋಜನೆಯನ್ನು ಸಿಎಸ್‌ಆರ್ ಸಮಿತಿ ಸಿದ್ಧಪಡಿಸಿ ಮಂಡಳಿಗೆ ಕಳಿಸುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿಯೊಳಗೆ ನಿಮ್ಮ ಪತ್ರ ಅವರ ಮೇಜಿನ ಮೇಲಿರಲಿ. ಮಾರ್ಚ್‌ನಲ್ಲಿ ಓಡಿ ಬಂದು ಕೇಳಿದವರಿಗೆ ಸಿಗುವುದು ಉಳಿದ ಹಣದಲ್ಲಿ ಆಗುವ ಬ್ಯಾಗು, ಪೆನ್ನು, ಕಂಬಳಿ. ನಿಮ್ಮೂರಿಗೆ ಬಂದ ಬ್ಯಾಗುಗಳು ಯಾವ ತಿಂಗಳಿನಲ್ಲಿ ಬಂದವು ನೆನಪಿಸಿಕೊಳ್ಳಿ.

ಕೆರೆಗೆ ಈ ಹೊತ್ತಿನ ಲೆಕ್ಕ ಇನ್ನೂ ಮುಖ್ಯ. ಮೊದಲು ಕೆರೆ ಯಾರದ್ದು ಎಂದು ತಿಳಿಯಿರಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹರಿಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಅದು ಪಂಚಾಯತ್ ರಾಜ್ ವ್ಯವಸ್ಥೆಯ ಕೆಳಗೆ, ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಕೆಳಗೆ ಬರುತ್ತದೆ. ಅವರ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಕಂಪನಿಯೂ ಯಂತ್ರ ಇಳಿಸುವುದಿಲ್ಲ. ಕೆರೆಗೆ ನೀರು ತರುವ ಕಾಲುವೆ ಒತ್ತುವರಿಯಾಗಿದ್ದರೆ ಮೊದಲು ಸರ್ವೆ ಮಾಡಿಸಿ. ಹೂಳು ತೆಗೆದ ಕೆರೆಗೆ ನೀರೇ ಬಾರದಿದ್ದರೆ ಊರಿಗೆ ಉಳಿಯುವುದು ಹಳ್ಳ. ತೂಬು, ಕೋಡಿ, ಏರಿಯ ಸ್ಥಿತಿಯನ್ನು ಕೆರೆಯ ನೀರು ಹಂಚುತ್ತಿದ್ದ ಹಳೆಯ ನೀರಗಂಟಿಯವರು ಯಾರಾದರೂ ಇದ್ದರೆ ಅವರ ಜೊತೆ ನಡೆದು ನೋಡಿ ಬರೆದುಕೊಳ್ಳಿ.

ಇನ್ನು ಹೂಳು. ಒಂದು ಎಕರೆಯಲ್ಲಿ ಒಂದು ಅಡಿ ತೆಗೆದರೆ 43,560 ಘನ ಅಡಿ ಮಣ್ಣು. ಟ್ರ್ಯಾಕ್ಟರ್ ಒಂದು ಸಲಕ್ಕೆ 100 ಘನ ಅಡಿ ಒಯ್ಯುತ್ತದೆ ಎಂದುಕೊಂಡರೂ 435 ಲೋಡು. ಅಷ್ಟೇ ಜಾಗದಲ್ಲಿ ಹೆಚ್ಚುವರಿಯಾಗಿ ನಿಲ್ಲುವ ನೀರು 12 ಲಕ್ಷ ಲೀಟರ್‌ಗೂ ಮಿಕ್ಕಿ. ಹತ್ತು ಎಕರೆ ಎಂದರೂ ನಾಲ್ಕು ಸಾವಿರಕ್ಕೂ ಹೆಚ್ಚು ಲೋಡು ಎಲ್ಲಿಗೋ ಹೋಗಬೇಕು. ಏರಿಯ ಬುಡದಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೇ ಮತ್ತೆ ಕೆರೆಗೆ ಇಳಿಯುತ್ತದೆ. ಈ ಹೂಳನ್ನು, ಅಂದರೆ ಕೆರೆಗೋಡನ್ನು, ಹೊಲಕ್ಕೆ ಹೊಡೆಸಿದರೆ ಮೂರು ನಾಲ್ಕು ಬೆಳೆಗೆ ಸಾರ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಜೆಸಿಬಿ ಖರ್ಚು ಕಂಪನಿಯದು, ಟ್ರ್ಯಾಕ್ಟರ್ ಖರ್ಚು ಗೋಡು ಒಯ್ಯುವ ರೈತರದು ಎಂಬ ಒಪ್ಪಂದ ಹಲವು ಕಡೆ ಚೆನ್ನಾಗಿ ನಡೆದಿದೆ. ಊರಿನವರೂ ಅರ್ಧ ಹೊರುತ್ತಿದ್ದಾರೆ ಎಂದು ಕಂಡರೆ ಕಂಪನಿಯ ಸಮಿತಿಗೆ ಹೌದೆನ್ನುವುದು ಸುಲಭ.

ಕೆರೆ ಒಣಗಿರುವುದು ಯುಗಾದಿಯಿಂದ ಮುಂಗಾರಿನವರೆಗಿನ ಎರಡು ತಿಂಗಳು. ಏಪ್ರಿಲ್‌ನಲ್ಲಿ ಮಂಜೂರಾದರೆ ಆ ಹೊತ್ತಿಗೆ ಒಪ್ಪಿಗೆ ಪತ್ರವೂ ರೈತರ ಪಟ್ಟಿಯೂ ಸಿದ್ಧವಿರಬೇಕು, ಇಲ್ಲವಾದರೆ ಕೆಲಸ ಮತ್ತೊಂದು ವರ್ಷಕ್ಕೆ ಹೋಗುತ್ತದೆ. ಪಟ್ಟಿಯನ್ನು ಈಗಲೇ ಬರೆಯಲು ಶುರುಮಾಡಿ: ಹೆಸರು, ಸರ್ವೆ ನಂಬರು, ಎಷ್ಟು ಲೋಡು ಬೇಕು, ಟ್ರ್ಯಾಕ್ಟರ್ ಯಾರದು.