ಬಿಸಿಯಾಗದೆ ಆಳಕ್ಕಿಳಿದ ಕಲ್ಲು: ರಿಂಗ್ ಮೌಂಟನ್ ಫೀಲ್ಡ್ ಟಿಪ್ಪಣಿ

ಭೂಮಿಯಾಳದ ಒತ್ತಡದಲ್ಲಿ ರೂಪ ಬದಲಿಸಿದ ಶಿಲೆ ಬ್ಲೂಶಿಸ್ಟ್. ಹೆಸರು ನೋಡಿ ನೀಲಿ ಕಲ್ಲು ಎಂದುಕೊಂಡು ಹುಡುಕಲು ಹೋದರೆ ಮೋಸ ಹೋಗುತ್ತೀರಿ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಟಿಬ್ಯುರಾನ್ ಪರ್ಯಾಯದ್ವೀಪದ ರಿಂಗ್ ಮೌಂಟನ್ ಗುಡ್ಡದಲ್ಲಿ ನಾನು ಅದರ ಮೇಲೆಯೇ ಕೂತು ಚಿತ್ರಾನ್ನ ತಿಂದಿದ್ದೆ, ಗುರುತು ಸಿಕ್ಕಿರಲಿಲ್ಲ. ಒಣಗಿದ ಮೈ, ಮೇಲೆ ಕಲ್ಲುಹೂವು, ಎಲ್ಲ ಬೂದಿ ಬಣ್ಣ. ಬಾಟಲಿ ನೀರು ಚಿಮುಕಿಸಿ ಲೆನ್ಸ್ ಹಿಡಿದಾಗ ಸೂಜಿಯಂಥ ಹರಳುಗಳು ಕಂಡವು, ಶಾಯಿಯ ನೀಲಿಗಪ್ಪು. ಅದೇ ಗ್ಲಾಕೋಫೇನ್, ಬ್ಲೂಶಿಸ್ಟ್‌ಗೆ ನೀಲಿಯ ಹೆಸರು ತಂದ ಖನಿಜ.

ಈ ಖನಿಜದ ಮಹತ್ವ ಹೀಗೆ. ಖಂಡದ ತೊಗಟೆಯಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 25–30 ಡಿಗ್ರಿ ಶಾಖ ಏರುತ್ತದೆ. ಒಂದು ಭೂಫಲಕ ಇನ್ನೊಂದರಡಿ ಜಾರುವ ಸಬ್ಡಕ್ಷನ್ ವಲಯದಲ್ಲಿ ಲೆಕ್ಕ ಬೇರೆ. ಸಾಗರತಳದ ತಣ್ಣನೆಯ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್ ಕೆಳಗೆ ಜಾರುತ್ತಲೇ ಇರುತ್ತದೆ, ಕಲ್ಲೋ ಶಾಖವನ್ನು ಬೇಗ ಹೀರದು. ಫ್ರಿಜ್‌ನಿಂದ ತೆಗೆದ ದೋಸೆಹಿಟ್ಟಿನ ಪಾತ್ರೆ ಬಿಸಿಲಲ್ಲಿಟ್ಟರೂ ಒಳಗೆ ತಣ್ಣಗೇ ಇರುತ್ತದಲ್ಲ, ಹಾಗೆ. ಒತ್ತಡ ಏರಿತು, ಶಾಖ ಏರಲಿಲ್ಲ. ಸಾಗರತಳದ ಲಾವಾ ಶಿಲೆಯಾದ ಬಸಾಲ್ಟ್‌ನಲ್ಲಿ ಗ್ಲಾಕೋಫೇನ್ ಹುಟ್ಟುವುದು ಅಲ್ಲೇ. ಪರೀಕ್ಷೆಗೆ ಹೆಸರು ಬಾಯಿಪಾಠ ಮಾಡುವ ಬದಲು ಒತ್ತಡ–ಶಾಖದ ನಕ್ಷೆಯನ್ನು ಒಮ್ಮೆ ಕೈಯಾರೆ ಬಿಡಿಸಿ.

ಲಾಸನೈಟ್ ಎಂಬ ಖನಿಜವನ್ನು ಲೋಕಕ್ಕೆ ಮೊದಲು ಪರಿಚಯಿಸಿದ್ದು ಇದೇ ಟಿಬ್ಯುರಾನ್, 1895ರಲ್ಲಿ. ಬರ್ಕ್ಲಿಯ ಪ್ರಾಧ್ಯಾಪಕ ಆಂಡ್ರ್ಯೂ ಲಾಸನ್ ಅವರ ಹೆಸರಿಟ್ಟರು. ಇದರ ತೂಕದಲ್ಲಿ ಶೇ. 11ರಷ್ಟು ನೀರು! ಆಳದಲ್ಲಿ ಇಂಥ ಖನಿಜಗಳು ಒಡೆದು ನೀರು ಬಿಟ್ಟಾಗ ಅದರ ಮೇಲಿರುವ ಮ್ಯಾಂಟಲ್ (ತೊಗಟೆಯ ಕೆಳಗಿನ ಶಿಲಾಪದರ) ಕರಗಿ ಜ್ವಾಲಾಮುಖಿಗಳ ಸಾಲು ಏಳುತ್ತದೆ.

ಈ ಬಂಡೆಗಳು ಸರ್ಪೆಂಟಿನೈಟ್ ಎಂಬ ಹಸಿರು ಶಿಲೆಯ ನಡುವೆ ಚದುರಿ ಬಿದ್ದಿವೆ. (ಹೆಸರಲ್ಲೇ ಸರ್ಪವಿದೆ, ಮೈಯೂ ಹಾವಿನಷ್ಟೇ ನುಣುಪು. ಜಾರೀರಿ.) ಒಂದರಲ್ಲಿ ಕೆಂಪು ಗಾರ್ನೆಟ್ ಸುತ್ತ ಹಸಿರು ಉಂಗುರ ಕಂಡಿತು, ಕ್ಲೋರೈಟ್ ಎಂಬ ಖನಿಜದ್ದು. ಸುಮಾರು 15 ಕೋಟಿ ವರ್ಷ ಹಿಂದೆ ಆಳದಲ್ಲಿ ಬೆಳೆದ ಗಾರ್ನೆಟ್, ಮೇಲೇರುವಾಗ ನೀರು ತಾಗಿ ಅಂಚಿನಿಂದ ಹಾಳಾಗಿದೆ. ಕಲ್ಲು ಇಳಿದ ಕಥೆ ನಡುವಿನಲ್ಲಿ, ಏರಿದ ಕಥೆ ಅಂಚಿನಲ್ಲಿ. ಇಲ್ಲಿ ಕಲ್ಲು ಒಡೆಯುವಂತಿಲ್ಲ, ಒಯ್ಯುವಂತಿಲ್ಲ. ಒಳ್ಳೆಯದೇ ಆಯಿತು, ಸುತ್ತಿಗೆ ಇದ್ದಿದ್ದರೆ ಆ ಉಂಗುರವನ್ನು ಇಷ್ಟು ಹೊತ್ತು ನೋಡುತ್ತಿರಲಿಲ್ಲ.

ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ನೋಡಿದವರು ಕೇಳುತ್ತಾರೆ: ಅದೂ ನೀರಡಿ ಹೆಪ್ಪುಗಟ್ಟಿದ ಬಸಾಲ್ಟ್ ತಾನೆ, ಅಲ್ಲೇಕೆ ಬ್ಲೂಶಿಸ್ಟ್ ಇಲ್ಲ? ಆ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಆಗ ಭೂಮಿಯ ಒಡಲು ಇನ್ನೂ ಬಿಸಿ, ತಣ್ಣನೆಯ ಇಳಿತ ಕಷ್ಟ. ಅಂದಿನ ಸಾಗರತಳದಲ್ಲಿ ಮೆಗ್ನೀಷಿಯಂ ಹೆಚ್ಚಿದ್ದುದೇ ಕಾರಣ ಎಂಬ ವಾದವೂ ಇದೆ. ಬ್ಲೂಶಿಸ್ಟನ್ನು ನಮ್ಮ ದೇಶದಲ್ಲೇ ನೋಡಬೇಕೆಂದರೆ ಲಡಾಖ್‌ಗೆ ಹೋಗಿ, ಕಾರ್ಗಿಲ್ ಹತ್ತಿರದ ಶರ್ಗೋಲ್. ನೀರಿನ ಬಾಟಲಿ ಮರೆಯಬೇಡಿ.